ಸುಗಂಧಾ ತಿಳಿ ಮಾಡಿದ ಹಳ್ಳ

ಸುಗಂಧಾ ಆ ಕೆಲಸಕ್ಕೆ ಒಪ್ಪಿದ್ದು ಹಳ್ಳದ ಆಸೆಗೆ. ಬಸವಕಲ್ಯಾಣದ ಹೊರಗೆ, ಮೋರಖಂಡಿ ಕಡೆ ಹೋಗುವ ದಾರಿಯಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕವಿದೆ. ಅಲ್ಲಿಂದ ಹೊರಬಿದ್ದ ನೀರು ಹಳ್ಳ ಸೇರಿ, ವೀರಭದ್ರ ಸಾವಕಾರರ ಹೊಲ ದಾಟಿ, ಆಕೆಯ ಕೇರಿಯ ಬೆನ್ನಿಗೇ ಬರುತ್ತದೆ. ಹೆಸರಿಗಷ್ಟೇ ಶುದ್ಧ. ಹಳ್ಳದಲ್ಲಿ ಪಾಚಿ ಕಟ್ಟಿ, ಕೊಳೆತು, ಉಣ್ಣಲು ಕೂತವರ ತುತ್ತು ಗಂಟಲಲ್ಲೇ ನಿಲ್ಲುವಂತೆ ನಾರುತ್ತಿತ್ತು. ಸಾವಕಾರರು ಅದು ತಮ್ಮ ಹೊಲದಲ್ಲಿ ಚಣವೂ ನಿಲ್ಲಬಾರದೆಂದು ಕಾಲುವೆ ತೋಡಿಸಿ, ಸರಾಗವಾಗಿ ಕೇರಿಗೆ ಹರಿಯಬಿಟ್ಟಿದ್ದರು. ಅಷ್ಟು ಧಾರಾಳಿಗಳು.

ಘಟಕಕ್ಕೆ ಹೊಸದಾಗಿ ಬಂದ ಇಂಜಿನಿಯರ್ ಅನುರಾಧಾ ಕಾರಣ ತಿಳಿಸಿದರು. ತೊಟ್ಟಿಯಲ್ಲಿ ಹೊಲಸು ತಿನ್ನುವ, ಕಣ್ಣಿಗೆ ಕಾಣದ ಜೀವಿಗಳಿವೆ. ತೆಳ್ಳನೆಯ ಕೊಳಚೆಯಲ್ಲಿ ಅವಕ್ಕೆ ಕಸುವು ಕೊಡುವ ತಿನಿಸು ಸಾಲದು. ಹಣ್ಣು, ಕಾಯಿಪಲ್ಲೆಯ ಕಸವನ್ನು ಮುಚ್ಚಿದ ಡ್ರಮ್ಮಿನಲ್ಲಿ ಹುಳಿ ಬರಿಸಿ, ಸೋಸಿದ ರಸ ಉಣಿಸಿದರೆ, ಪಾಚಿಗೆ ಗೊಬ್ಬರವಾಗುವುದನ್ನೆಲ್ಲ ಅವು ಒಳಗೇ ತಿಂದು ಮುಗಿಸುತ್ತವೆ. ಸುಗಂಧಾಳಿಗೆ ಇದೇನೂ ವಿಚಿತ್ರವೆನಿಸಲಿಲ್ಲ. ಎಳ್ಳಾಮವಾಸ್ಯೆಗೆ ಭೂಮಿತಾಯಿಗೆ ಉಣಿಸಲೆಂದು ಹೊಲದ ತುಂಬ ಚರಗ ಚೆಲ್ಲುವ ಸೀಮೆಯವಳು. ತೊಟ್ಟಿಗೂ ಒಂದು ಚರಗ ಎಂದುಕೊಂಡಳು.

ಹುಮನಾಬಾದಿನ ಸಂತೆಯಿಂದ ಟೆಂಪೋದಲ್ಲಿ ಕೊಳೆತ ಟೊಮ್ಯಾಟೊ, ಕೋಸಿನ ಎಲೆ, ಬಾಳೆಹಣ್ಣಿನ ಸಿಪ್ಪೆ ಬರುತ್ತಿತ್ತು. ಕೊಚ್ಚುವುದು, ಕಲಸುವುದು, ಸೋಸುವುದು, ಎಲ್ಲ ಅವಳದೇ ಕೆಲಸ. ಆ ಹುಳಿವಾಸನೆ ಸೀರೆ ಬಿಡಲಿಲ್ಲ. ಆಟೋದಲ್ಲಿ ಹೆಂಗಸರು ಸರಿದು ಕೂರುತ್ತಿದ್ದರು. ಅತ್ತೆ ಗಯಾಬಾಯಿ ಸ್ನಾನವಾಗದೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಹಳ್ಳದ ತಳದ ಕಲ್ಲು ಕಂಡವು. ಅದೇ ಗಯಾಬಾಯಿ ಹಿತ್ತಲಲ್ಲಿ ಮೆಂತ್ಯ, ಪುಂಡಿ ಪಲ್ಲೆ ಹಾಕಿ, ಕೊಡದಲ್ಲಿ ಹಳ್ಳದ ನೀರು ಹೊತ್ತು ತಂದು ಹಾಕಿದಳು. ನಮ್ಮ ಸುಗಂಧಾನ ನೀರು ಎಂದು ಕೇರಿಯೆಲ್ಲ ಹೇಳಿಕೊಂಡು ಬಂದಳು. ಸುಗಂಧಾ ತನ್ನ ಜೀವಮಾನದಲ್ಲಿ ಅಷ್ಟು ಹಿಗ್ಗಿದ್ದು ಆಗಲೇ.

ಎಳ್ಳಾಮವಾಸ್ಯೆ ಹತ್ತಿರ ಬಂದಾಗ ಕೇರಿಗೆ ನೀರು ಬರುವುದೇ ನಿಂತಿತು. ಹಬ್ಬಕ್ಕೆ ಸಾವಕಾರರು ಕೇರಿಯವರನ್ನೂ ಹೊಲಕ್ಕೆ ಕರೆದಿದ್ದರು, ಬದುವಿನ ಮೇಲೆ ಬೇರೆ ಸಾಲಿನಲ್ಲಿ ಕೂಡಿಸಲು. ಹೋದ ಸುಗಂಧಾಳಿಗೆ ಕಂಡದ್ದು ಹಳ್ಳಕ್ಕೆ ಅಡ್ಡಲಾಗಿ ಮರಳಿನ ಚೀಲದ ಒಡ್ಡು, ಪಕ್ಕದಲ್ಲಿ ಮೋಟಾರು, ಕಬ್ಬಿಗೆ ಹರಿಯುತ್ತಿದ್ದ ನೀರು. ಎಲೆ ಮುಂದಿನಿಂದ ಎದ್ದು ಸಾವಕಾರರ ಹತ್ತಿರ ಹೋದಳು.

"ಸಾವಕಾರ್ರೆ, ನಮ್ಮ ಕೇರಿಗಿ ನೀರು ಬಿಡ್ರಿ. ಪಲ್ಲೆ ಒಣಗಾಕತ್ತದ."

ಸಾವಕಾರರು ಸಿಟ್ಟಾಗಲಿಲ್ಲ. "ನಾತ ಬರ್ತದಂತ ನೀವೇ ಒದರತಿದ್ರಿ. ಈಗ ನಾತ ಇಲ್ಲ. ಮತ್ತೇನು ಬೇಕು ನಿಮಗ?" ಎಂದರು. ಹಬ್ಬಕ್ಕೆಂದು ಕಾಳು, ಕಾಯಿಪಲ್ಲೆ ಕೂಡಿಸಿ ಬೇಯಿಸಿದ ಭಜ್ಜಿ ಉಳಿದಿದ್ದ ಬೋಗುಣಿ ತೋರಿಸಿದರು. "ಇದನ್ನ ಒಯ್ಯಿ. ನಿನ್ನ ಡ್ರಮ್ಮಿಗಿ ಆಗ್ತದ."

ಬೋಗುಣಿ ಮುಟ್ಟದೆ ಬಂದಳು. ಅನುರಾಧಾ ಮೇಡಂ ಹತ್ತಿರ ಅತ್ತಳು. ಅವರೂ ಬಹಳ ನೊಂದುಕೊಂಡರು. ಆದರೆ ಘಟಕದ ಗೋಡೆ ದಾಟಿದ ನೀರು ತಮ್ಮ ಮಾತು ಕೇಳುವುದಿಲ್ಲ ಎಂದರು. ನೊಂದುಕೊಂಡರೆ ಮೆಂತ್ಯ ಚಿಗುರುತ್ತದೆಯೇ?

ಸುಗಂಧಾ ಡ್ರಮ್ಮುಗಳ ಕಡೆ ತಲೆ ಹಾಕುವುದನ್ನೇ ಬಿಟ್ಟಳು. ಜ್ವರವೆಂದು ಹೇಳಿ ಮನೆಯಲ್ಲಿ ಕೂತಳು. ಜೀವಿಗಳು ಹಸಿದವು, ನೀರು ಮತ್ತೆ ಹಸಿರಾಯಿತು, ಸಾವಕಾರರ ಕಬ್ಬಿನೊಳಗೂ ನಾತ ಹೊಕ್ಕಿತು. ಅವರು ಮಾಡಿದ್ದಿಷ್ಟೇ: ಆಳಿಗೆ ಹೇಳಿ ಒಡ್ಡು ಒಡೆಸಿದರು. ತಡೆದಿಟ್ಟ ಹೊಲಸೆಲ್ಲ ಒಮ್ಮೆಲೇ ಕೇರಿಗೆ ನುಗ್ಗಿತು. ಗಯಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಉಂಡದ್ದನ್ನು ಅಂಗಳದಲ್ಲೇ ಕಾರಿಕೊಂಡಳು.

"ಹ್ಯಾಂಗರ ಮಾಡಿ ಇದನ್ನ ನಿಲ್ಲಸವ್ವ," ಎಂದಳು ಸೊಸೆಗೆ. "ನೀರು ಬ್ಯಾಡ. ಉಸಿರಾಡಾಕ ಬಿಟ್ರ ಸಾಕು."

ಮರುದಿನ ಬೆಳಿಗ್ಗೆ ಸುಗಂಧಾ ಡ್ರಮ್ಮಿನ ಮುಚ್ಚಳ ತೆಗೆದು, ರಸ ಸೋಸಿ, ತೊಟ್ಟಿಗೆ ಸುರಿದಳು. ಹಳ್ಳ ತಿಳಿಯಾಗುತ್ತಿದ್ದಂತೆ ಒಡ್ಡು ಮತ್ತೆ ಎದ್ದಿತು. ಏಳುತ್ತದೆಂದು ಗೊತ್ತಿದ್ದೇ ಆಕೆ ಸುರಿದಿದ್ದಳು.