ಶಿಲುಬೆಗೆ ಜೋತುಬಿದ್ದ ಬಡಗಿ

ಬಡಗಿಗೆ ಓದು ನಾಲ್ಕನೇ ಕ್ಲಾಸಿಗೇ ಸಾಕಾಗಿತ್ತು, ಕೋಪ ಮಾತ್ರ ಐವತ್ತಾದರೂ ಸಾಕಾಗಿರಲಿಲ್ಲ. ಉಳಿ ಜಾರಿದರೆ ಉಳಿಗೆ ಬೈಯುವನು, ಮರ ಸೀಳಿದರೆ ಮರದ ವಂಶಕ್ಕೇ ಬೈಯುವನು. ಕೆಲಸದಲ್ಲಿ ಒಂದು ಪದ್ಧತಿ ಇತ್ತು: ಮಾಡಿದ್ದನ್ನು ತನ್ನ ಮೈಭಾರ ಹಾಕಿ ನೋಡದೆ ಯಾರಿಗೂ ಕೊಡನು. ಕುರ್ಚಿಯಾದರೆ ಕುಕ್ಕರಿಸಿ, ಮಂಚವಾದರೆ ಹೊರಳಾಡಿ. ಒಮ್ಮೆ ಶವಪೆಟ್ಟಿಗೆಯಲ್ಲಿ ಮಲಗಿ ಗೊರಕೆ ಹೊಡೆದು, ಒಯ್ಯಲು ಬಂದವರ ಜೀವ ಬಾಯಿಗೆ ತಂದಿದ್ದ.

ಚರ್ಚಿನ ಪಾದ್ರಿ ದೊಡ್ಡ ಶಿಲುಬೆಯೊಂದನ್ನು ಮಾಡಲು ಹೇಳಿದರು. ಒಬ್ಬನೇ ಮಾಡಿದ. ಜೊತೆಗೆ ದುಡಿಯುತ್ತಿದ್ದ ತಮ್ಮನನ್ನು ಆಗಲೇ ಓಡಿಸಿಯಾಗಿತ್ತು, ತೇಗದ ಹಲಗೆಯನ್ನು ಅಳತೆಗಿಂತ ಗೇಣು ಕಡಿಮೆ ಕೊಯ್ದನೆಂದು. ತಪ್ಪು ತಮ್ಮನದೇ. ಅದೇ ಬಡಗಿಯ ಹಟಕ್ಕೆ ಗಟ್ಟಿ ಆಧಾರ.

"ಶಿಲುಬೆ ಚರ್ಚಿನ ಗೋಡೆಗೇರೋ ಮುಂಚೆ ಮೈದುನನ್ನ ಕರೀರಿ," ಎಂದಳು ಹೆಂಡತಿ. "ಒಡಹುಟ್ಟಿದವನನ್ನ ಆಚೆ ಹಾಕಿ ಯಾವ ಮುಖ ಇಟ್ಕೊಂಡು ಅದನ್ನ ಹೊರ್ತೀರಿ?"

"ಇದೇ ಮುಖ. ಬೇರೆ ಎಲ್ಲಿದೆ?"

ಮರುದಿನ ಶಿಲುಬೆಯನ್ನು ಅಂಗಡಿಯ ಗೋಡೆಗೆ ಬಿಗಿದು ಕಟ್ಟಿದ. ಯಾರೂ ನೋಡದಿರಲೆಂದು ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ, ಸ್ಟೂಲು ಹತ್ತಿ, ಅಡ್ಡಮರದ ಮೇಲೆ ಎರಡೂ ತೋಳು ಹಿಂದಕ್ಕೆ ಹಾಕಿ ಜೋತುಬಿದ್ದ. ಕಾಲು ತಾಗಿ ಸ್ಟೂಲು ಉರುಳಿತು. ಶಿಲುಬೆಯ ನೆತ್ತಿಯಲ್ಲಿ ಬರಹದ ಫಲಕ ತೂಗುಹಾಕಲು ಹೊಡೆದ ಮೊಳೆಗೆ ಕಾಲರು ಸಿಕ್ಕಿಕೊಂಡಿತು. ತೋಳು ಬಿಟ್ಟರೆ ಕುತ್ತಿಗೆ ಹೋಗುತ್ತದೆ, ಬಿಡದಿದ್ದರೆ ತೋಳು. ಶಿಲುಬೆ ಮಾತ್ರ ಕಿರ್ರೆನ್ನಲಿಲ್ಲ. ಹಾಳಾದ ಕೆಲಸಗಾರಿಕೆ, ಈ ಒಂದು ಸಲವಾದರೂ ಕೆಟ್ಟಿರಬಾರದಿತ್ತೇ!

ಅರಚಾಟ ಕೇಳಿ ಎದುರಿನ ಇಸ್ತ್ರಿಯವನು ಕಿಟಕಿಯಲ್ಲಿ ಇಣುಕಿದ. "ಏನಣ್ಣಾ, ಯಾರು ಏರ್ಸಿದ್ದು?"

"ನಾನೇ ಏರಿದ್ದು ಕಣೋ! ನಕ್ಕರೆ ಹಲ್ಲು ಉದುರಿಸ್ತೀನಿ!"

"ಇಳಿದು ಬಾ, ಉದುರ್ಸು, ನೋಡೋಣ!"

ಹೊರಗಿನಿಂದಲೂ ತೆರೆಯುವ ಆ ಬೀಗದ ಇನ್ನೊಂದು ಕೀಲಿ ತಮ್ಮನ ಬಳಿ ಇತ್ತು. ನಕ್ಕು ಮುಗಿದ ಮೇಲೆ ಇಸ್ತ್ರಿಯವನು ಓಡಿಹೋಗಿ ಅವನನ್ನು ಕರೆತಂದ. ತಮ್ಮ ಬೀಗ ತೆಗೆದು ಒಳನುಗ್ಗಿ ಅಣ್ಣನ ಕಾಲುಗಳಿಗೆ ಹೆಗಲು ಕೊಟ್ಟು ಎತ್ತಿದ.

"ನಿಧಾನ, ಕತ್ತೆ! ಅಳತೆ ಬರದವನಿಗೆ ಎತ್ತೋಕಾದ್ರೂ ಬರುತ್ತಾ?" ಬಡಗಿ ಒದ್ದಾಡಿದ. ಹಿಮ್ಮಡಿ ಬಡಿದು ತಮ್ಮನ ತುಟಿ ಒಡೆಯಿತು. ಆದರೂ ಅವನು ಹೆಗಲು ತೆಗೆಯಲಿಲ್ಲ. ಅಣ್ಣ ಕಾಲರು ಬಿಡಿಸಿಕೊಳ್ಳುವವರೆಗೂ ಹೊತ್ತು ನಿಂತು, ಮೆಲ್ಲಗೆ ಇಳಿಸಿ, ರಕ್ತ ಒರೆಸಿಕೊಂಡು, "ತೋಳು ನೋಯ್ತಿದ್ಯಾ ಅಣ್ಣಾ?" ಎಂದ.

ಬಡಗಿಗೆ ಬೈಗುಳವೇ ತೋಚಲಿಲ್ಲ. ಇದು ಅವನ ಬಾಳಿನಲ್ಲೇ ಮೊದಲು.

ಅಷ್ಟರಲ್ಲಿ ಶಿಲುಬೆ ನೋಡಲು ಪಾದ್ರಿ ಬಂದರು. "ಸ್ವಾಮಿ," ಎಂದ ಬಡಗಿ, "ಶಿಲುಬೆ ಮೇಲಿದ್ದ ಆತನಿಗೂ ಜನ 'ಇಳಿದು ಬಾ' ಅಂದರಲ್ಲ. ಆತ ದೇವರ ಮಗ. ಇಳೀಬಹುದಿತ್ತಲ್ಲ? ನಾನು ಇಳಿಯೋಕೆ ಬಾಯಿ ಹರ್ಕೊಂಡೆ."

"ಇಳಿದಿದ್ರೆ ನಮ್ಮ ಪಾಪ ಯಾರು ಹೊರ್ತಿದ್ರಪ್ಪಾ? ನಮಗೆ ಬರಬೇಕಾದ ಏಟು ತಾನು ತಿಂದ. ಹೊಡೆದವರನ್ನೇ ಕ್ಷಮಿಸು ಅಂತ ತಂದೆಯನ್ನ ಕೇಳಿದ. ಅದಕ್ಕೇ ನಾವು ಈ ಕೊಲ್ಲೋ ಮರವನ್ನ ಗೋಡೆಗೇರಿಸಿ ಕೈ ಮುಗಿಯೋದು."

ಬಡಗಿ ತಮ್ಮನ ತುಟಿ ನೋಡಿದ. ಹಲಗೆ ಕೆಟ್ಟದ್ದು ತಮ್ಮನಿಂದ, ನಿಜ. ತುಟಿ ಒಡೆದದ್ದು? ಒಡೆಸಿಕೊಂಡವನು ಹೆಗಲು ಕೊಟ್ಟ. ತಾನೋ, ಗೇಣುದ್ದ ಮರಕ್ಕೆ ಒಡಹುಟ್ಟಿದವನನ್ನೇ ಹೊರಗೆ ಹಾಕಿದ ದೊಡ್ಡ ಮನುಷ್ಯ!

"ಲೋ, ಕ್ಷಮಿಸು," ಎಂದ, ಉಗುರಿಗೆ ಸುತ್ತಿಗೆ ಬಿದ್ದವನ ಹಾಗೆ.

"ಬಿಡಣ್ಣಾ."

"ಬಿಡೋದೇನು ಬಿಡೋದು! ಕೇಳ್ತಿದ್ದೀನಲ್ಲ, ಕ್ಷಮಿಸೋ ಅಂದ್ರೆ ಕ್ಷಮಿಸು! ನಾಳೆಯಿಂದ ಕೆಲಸಕ್ಕೆ ಬಾ!"

"ಆಯ್ತು, ಕ್ಷಮಿಸಿದೆ. ಕಿರುಚಬೇಡ, ಬರ್ತೀನಿ."

ಇಬ್ಬರೂ ಶಿಲುಬೆಯನ್ನು ಹೆಗಲಿಗೇರಿಸಿದರು. ಹೊರಗೆ ತರುವಾಗ ತಮ್ಮನ ಕಡೆಯ ತುದಿ ಬಾಗಿಲ ಚೌಕಟ್ಟಿಗೆ ಬಡಿದು ಹೊಸ ಪಾಲಿಶು ಕಿತ್ತುಬಂತು. ತಮ್ಮ ಕಣ್ಣುಮುಚ್ಚಿ ನಿಂತ. ಬಡಗಿ ಬಾಯಿಗೆ ಬಂದದ್ದನ್ನು ಕಷ್ಟಪಟ್ಟು ನುಂಗಿದ. ಅರ್ಧ ಬೈಗುಳ ಮಾತ್ರ ಹೊರಬಂತು.