ನಲವತ್ತಕ್ಕೊಂದು ಇಳಕಲು

ಯಾರಾದರೂ ದೆವ್ವ ಕಂಡೆ ಎಂದರೆ "ಎಷ್ಟು ಅಡಿ ಎತ್ತರ ಇತ್ತು?" ಎಂದು ಕೇಳಿ ಸುತ್ತಲಿನವರನ್ನು ನಗಿಸುವುದು ನನ್ನ ಹಳೆಯ ಚಟ. ನೆಲ ಅಳೆದು ಹೊಟ್ಟೆ ಹೊರೆದವನು ನಾನು. ಅಳತೆಗೆ ಸಿಗದ್ದೆಲ್ಲ ಬೊಗಳೆ ಎಂದೇ ನಂಬಿದ್ದೆ. ಈಗ ಹೇಳಹೊರಟಿರುವುದರಲ್ಲಿ ದೆವ್ವವೂ ಇಲ್ಲ, ಕತ್ತಲೆಯೂ ಇಲ್ಲ. ನಡೆದದ್ದು ಹಾಡುಹಗಲು. ನಗುವುದಾದರೆ ನಗಿ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಎಪ್ಪತ್ತರ ದಶಕದ ಮಾತು. ಚಿಂಚೋಳಿಯ ಕಾಡಂಚಿನ ಗುಡ್ಡದಲ್ಲಿ ರಸ್ತೆಯ ಸರ್ವೆ ನಡೆಸಿದ್ದೆವು. ಅಳತೆಯ ಸರಪಳಿ ಹಿಡಿಯುತ್ತಿದ್ದವನು ಶಹಾಬಾದಿನ ರಸೂಲ್. ನನ್ನ ಓರಗೆಯವನು, ಮಕ್ಕಳೊಂದಿಗ, ನಡಿಗೆಯೇ ಅವನ ನೌಕರಿ. ಒಂದು ಬೆಳಿಗ್ಗೆ ಬಂಡೆಯೊಂದು ಉರುಳಿ ಅವನ ಬಲಗಾಲು ಜಜ್ಜಿಹೋಯಿತು. ರಕ್ತ ನಿಲ್ಲಿಸಲು ಮೊಣಕಾಲಿನ ಮೇಲೆ ರುಮಾಲು ಬಿಗಿದೆವು. ಬಿಚ್ಚಿದರೆ ಜೀವ ಹೋಗುತ್ತಿತ್ತು, ಬಹಳ ಹೊತ್ತು ಹಾಗೇ ಬಿಟ್ಟರೆ ಕಾಲು ಹೋಗುತ್ತಿತ್ತು. ಬೇಗ ಚಿಂಚೋಳಿಯ ದವಾಖಾನೆ ಮುಟ್ಟಬೇಕು. ನಮ್ಮ ಜೀಪು ರಿಪೇರಿಗೆ ಹೋಗಿತ್ತು. ಸಿಕ್ಕಿದ್ದು ಶರಣಪ್ಪನೆಂಬ ರೈತನ ಎತ್ತಿನ ಗಾಡಿ.

ಗುಡ್ಡ ಇಳಿಯಲು ಎರಡು ದಾರಿ. ಹತ್ತಿರದ್ದು ಕಡಿದಾದದ್ದು, ಗಾಡಿ ಮಗುಚುವ ಭಯ. ಇನ್ನೊಂದು ಬಳಸು ದಾರಿ. ನಕಾಶೆ ಹಾಸಿ ಲೆಕ್ಕ ಹಾಕಿದೆ. ನಕಾಶೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸಿ ಎಳೆದ ಗೆರೆಗಳಿರುತ್ತವೆ. ಒಂದು ಗೆರೆಯಿಂದ ಮುಂದಿನ ಗೆರೆಗೆ ಐವತ್ತು ಅಡಿ ಇಳಿತ. ಬಳಸು ದಾರಿಯ ಮೇಲೆ ದಾರವಿಟ್ಟು ನೋಡಿದರೆ ಅವೆರಡರ ನಡುವಿನ ದೂರ ಎರಡು ಸಾವಿರ ಅಡಿ. ಅಂದರೆ ನಲವತ್ತಕ್ಕೊಂದು, ನಲವತ್ತು ಅಡಿ ಹೋದರೆ ಒಂದಡಿ ಇಳಿತ. ಕೆಳಗಿನ ಹಳ್ಳದವರೆಗೂ ಸಲೀಸಾದ ಇಳಕಲು. "ಮಧ್ಯಾಹ್ನದಾಗ ಮುಟ್ತೀವಿ, ಅಂಜಬ್ಯಾಡ" ಎಂದು ರಸೂಲನಿಗೆ ಹೇಳಿದೆ.

ಆ ಇಳಕಲಿನಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎತ್ತುಗಳು ಏದುಸಿರು ಬಿಡತೊಡಗಿದವು. ಬಾಯಲ್ಲಿ ನೊರೆ. ಶರಣಪ್ಪ ಗಾಡಿ ನಿಲ್ಲಿಸಿ ಗಾಲಿಯ ಹಿಂದೆ ಕಲ್ಲು ಕೊಟ್ಟ. ಏರಿನಲ್ಲಿ ಕಲ್ಲು ಗಾಲಿಯ ಹಿಂದೆ, ಇಳಕಲಿನಲ್ಲಿ ಮುಂದೆ. ಗಾಡಿ ಹೊಡೆಯುವ ಯಾರಿಗೂ ಇದನ್ನು ಕಲಿಸಬೇಕಿಲ್ಲ.

"ಇದು ಇಳಕಲ ಅದ ಶರಣಪ್ಪ. ಕಲ್ಲು ಮುಂದ ಇಡು" ಎಂದೆ.

"ನನ್ನ ಕಣ್ಣಿಗೂ ಇಳಕಲೇ ಕಾಣ್ತದ್ರಿ ಸಾಹೇಬ್ರ. ಆದ್ರ ಗಾಡಿ ಹಿಂದಕ್ಕ ಜಗ್ಗಾಕತ್ತದ್ರಿ."

ನಾನೇ ಕಲ್ಲು ತೆಗೆದೆ. ಗಾಡಿ ಹಿಂದಕ್ಕೆ, ಗುಡ್ಡದ ಕಡೆಗೆ, ತಾನಾಗಿ ಉರುಳಿತು. ನೊಗ ಹೊತ್ತ ಎತ್ತುಗಳನ್ನೂ ಎಳೆದುಕೊಂಡು ಮೇಲಕ್ಕೆ ಹೋಯಿತು. ಇಬ್ಬರೂ ಗಾಲಿಗಳಿಗೆ ಜೋತುಬಿದ್ದು ತಡೆದೆವು. ಒಳಗೆ ರಸೂಲ್ "ಯಾ ಅಲ್ಲಾ" ಎಂದು ಚೀರಿದ. ಕಣ್ಣೇ ಮೋಸ ಮಾಡುತ್ತಿರಬಹುದೆಂದು ತಂಬಿಗೆಯ ನೀರು ನೆಲಕ್ಕೆ ಸುರಿದೆ. ನೀರು ನಕಾಶೆ ಹೇಳಿದಂತೆಯೇ ಹಳ್ಳದ ಕಡೆಗೆ ಹರಿದು ಹೋಯಿತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಹೊತ್ತೊಯ್ಯೋಣವೆಂದರೆ ನಾವಿಬ್ಬರೇ, ಕಾಲು ಅಲುಗಿದರೆ ಮತ್ತೆ ರಕ್ತ. ಎತ್ತುಗಳು ಎಳೆಯುವುದು, ನಾನು ಹಿಂದಿನಿಂದ ನೂಕುವುದು, ನಾಲ್ಕು ಮಾರಿಗೊಮ್ಮೆ ಗಾಲಿಯ ಹಿಂದೆ ಕಲ್ಲು ಕೊಡುವುದು. ಹೀಗೆ ಇಳಕಲನ್ನು ಹತ್ತಿದೆವು. ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಮಧ್ಯಾಹ್ನ ದಾಟಿತು. ರಸೂಲನ ಪಾದ ಮುಟ್ಟಿ ನೋಡಿದೆ, ತಣ್ಣಗಿತ್ತು. ಅಳು ಬಂತು, ಅತ್ತೆ. ಹಳ್ಳ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ದಾಟಿದ ಕೂಡಲೇ ಗಾಡಿ ಹಗುರಾಯಿತು, ಆಚೆಯ ಏರನ್ನು ಎತ್ತುಗಳು ಓಡುತ್ತಲೇ ಹತ್ತಿದವು.

ಡಾಕ್ಟರು ಪಾದ ನೋಡಿ, "ಮಧ್ಯಾಹ್ನ ತಂದಿದ್ರ ಉಳೀತಿತ್ತು" ಎಂದರು. ರಸೂಲ್ ಬದುಕಿದ, ಕಾಲು ಹೋಯಿತು.

ಆಮೇಲೆ ಉಪಕರಣ ಹೊತ್ತು ಎರಡು ಸಲ ಅಲ್ಲಿಗೆ ಹೋಗಿ ಅಳೆದೆ. ಎರಡೂ ಸಲ ನಲವತ್ತಕ್ಕೊಂದೇ ಬಂತು. ನನ್ನೆದುರೇ ಬೇರೆ ಗಾಡಿಗಳು ಸುಮ್ಮನೆ ಇಳಿದು ಹೋದವು. ಆಫೀಸಿನಲ್ಲಿ ಹೇಳಿದರೆ, ಬಿಸಿಲು ನೆತ್ತಿಗೇರಿರಬೇಕು ಎಂದು ನಕ್ಕರು.

ವರ್ಷಗಳಾದ ಮೇಲೆ ವಾಡಿ ಸ್ಟೇಷನ್ನಿನಲ್ಲಿ ರಸೂಲ್ ಸಿಕ್ಕ. ಬಗಲಲ್ಲಿ ಊರುಗೋಲು. "ಕುಂದ್ರಿ ಸಾಹೇಬ್ರ" ಎಂದು ಪಕ್ಕದಲ್ಲಿ ಕೂರಿಸಿಕೊಂಡು ಚಹಾ ತರಿಸಿದ. ಮಕ್ಕಳ ಸುದ್ದಿ ಹೇಳಿದ. ಆಮೇಲೆ ಮೆಲ್ಲಗೆ ಕೇಳಿದ:

"ಖರೇ ಹೇಳ್ರಿ, ಅದು ಇಳಕಲೇ ಇತ್ತೇನ್ರಿ?"

"ಇಳಕಲೇ ಇತ್ತು ರಸೂಲ್. ಮತ್ತ ಹೋಗಿ ಅಳದು ಬಂದೀನಿ."

"ಹಂಗಾದ್ರ ತಡ ಯಾಕಾತ್ರಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿದ್ದವರನ್ನು ಕೇಳುವ ಹಾಗೆ ಕೇಳಿ, ನನ್ನ ಮುಖ ನೋಡುತ್ತ ಕುಳಿತ. ನನ್ನ ರೈಲು ಬರುವವರೆಗೂ ಹಾಗೇ ಕುಳಿತಿದ್ದ.