ಬಲ್ಲೆನೆಂದು ಒತ್ತುವ ಮೊದಲು

ಯರಗುಪ್ಪಿಯ ಮನೆಮನೆಗೆ ಟಪಾಲು ಮುಟ್ಟಿಸುವ ಮಹಾನಂದಾ ಯಾರ ಬಾಗಿಲಲ್ಲಿಯೂ ಸೈಕಲ್ಲಿನ ಮೇಲೆ ಕುಳಿತೇ ಕಾಗದ ನೀಡುವವಳಲ್ಲ. ಮೊದಲು ಇಳಿಯುತ್ತಾಳೆ, ಎರಡೂ ಪಾದಗಳನ್ನು ನೆಲಕ್ಕೂರಿ ನಿಲ್ಲುತ್ತಾಳೆ, ಅನಂತರವೇ ಚೀಲಕ್ಕೆ ಕೈ ಹಾಕುತ್ತಾಳೆ. ಅವಸರವುಳ್ಳವರು ಕಟ್ಟೆಯ ಮೇಲಿಂದ "ಅಲ್ಲಿಂದನ ಒಗಿಯವಾ" ಎಂದು ಕೂಗಿದರೂ ಈ ಕ್ರಮ ತಪ್ಪುವುದಿಲ್ಲ. ಊರಿಗೆ ಹೊಸಬರಾದವರು ಇದನ್ನು ವಿನಯವೆಂದು ತಿಳಿಯುತ್ತಾರೆ. ವಿನಯವೂ ಹೌದು. ಆದರೆ ಆ ಇಳಿಯುವ ವಿದ್ಯೆ ಆಕೆಗೆ ಎಷ್ಟು ತಡವಾಗಿ, ಎಷ್ಟು ಪಾಡುಪಟ್ಟ ಮೇಲೆ ಒಲಿಯಿತೆಂಬುದನ್ನು ಕಂಡವರು ಇಂದಿಗೂ ಅದನ್ನು ಒಂದು ಗಳಿಗೆ ನಿಂತು ನೋಡುತ್ತಾರೆ.

ಮಹಾನಂದಾ ಹುಟ್ಟಿದ್ದು ಅಣ್ಣಿಗೇರಿಯ ಕಡೆಯ ಒಂದು ಹಳ್ಳಿಯಲ್ಲಿ, ತಲೆಮಾರುಗಳಿಂದ ಶಿವಪೂಜೆ ನಡೆದುಬಂದ ಮನೆಯಲ್ಲಿ. ಹತ್ತನೆಯ ಇಯತ್ತೆಯಲ್ಲಿ ಶಾಲೆಗೇ ಮೊದಲಿಗಳಾಗಿ ತೇರ್ಗಡೆಯಾದಳು. ಮುಂದೆ ಓದುವ ಯೋಗ ಕೂಡಿಬರಲಿಲ್ಲ. ಯರಗುಪ್ಪಿಯ ಹಿಟ್ಟಿನ ಗಿರಣಿಯ ಸಂಗನಬಸವನ ಕೈ ಹಿಡಿದು ಇಲ್ಲಿಗೆ ಬಂದಳು. ಗಂಡ ಸಾಧುಸ್ವಭಾವದವನು, ಅತ್ತೆ ಗೌರಕ್ಕ ನಾಲಗೆಯಿಂದ ಖಾರ, ಮನಸ್ಸಿನಿಂದ ಬೆಲ್ಲ. ಬಾಳಿನಲ್ಲಿ ಕೊರತೆಯೆಂದು ಹೇಳುವಂಥದೇನೂ ಇರಲಿಲ್ಲ. ಆದರೂ ತನ್ನ ಹೆಸರಿಗೊಂದು ಕೆಲಸವಿರಬೇಕು, ನಾಲ್ಕು ಜನರ ಉಪಯೋಗಕ್ಕೆ ಬೀಳಬೇಕು ಎಂಬ ಹಂಬಲವೊಂದು ಒಲೆಯ ಬೂದಿಯೊಳಗಿನ ಕೆಂಡದಂತೆ ಉಳಿದಿತ್ತು. ಗಿರಣಿಗೆ ಬರುವ ಪತ್ರಿಕೆಗಳ ಉಳಿದ ಹಾಳೆಗಳನ್ನೆಲ್ಲ ಹಿಟ್ಟು ಕಟ್ಟಲು ಕೊಡುತ್ತಿದ್ದಳಾದರೂ ಸರಕಾರಿ ಖಾಲಿ ಹುದ್ದೆಗಳ ಪುಟವನ್ನು ಮಾತ್ರ ಓದಿ ಮುಗಿಯುವವರೆಗೆ ಯಾರಿಗೂ ಬಿಡುತ್ತಿರಲಿಲ್ಲ. ಕೆಲವು ಹುದ್ದೆಗಳು ಪದವಿಯನ್ನು ಬೇಡುತ್ತಿದ್ದವು. ಕೆಲವು ಮನೆ ಬಿಟ್ಟು ದೂರ ಹೋಗುವುದನ್ನು. ಮಗಳು ರೋಹಿಣಿ ಬೆಳೆದು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಲು ಹೋದಳು. ವಯಸ್ಸು ಮಾತ್ರ ನಿಲ್ಲಲಿಲ್ಲ.

ಹೀಗಿರುವಲ್ಲಿ, ಒಂದು ಮಾಘಮಾಸದಲ್ಲಿ, ಯರಗುಪ್ಪಿಗೇ ಗ್ರಾಮೀಣ ಅಂಚೆ ಸೇವಕರ ಹುದ್ದೆಯೊಂದು ಖಾಲಿಯಿದೆಯೆಂಬ ಪ್ರಕಟಣೆ ಬಂದಿತು. ಪರೀಕ್ಷೆಯಿಲ್ಲ, ಹತ್ತನೆಯ ಇಯತ್ತೆಯ ಅಂಕಗಳೇ ಸಾಕು. ನಲವತ್ತು ತುಂಬಿದವರಿಗೆ ಅವಕಾಶವಿಲ್ಲ. ಬರುವ ಬೇಸಗೆಗೆ ಮಹಾನಂದಾಳಿಗೆ ನಲವತ್ತು. ಇದು ತಪ್ಪಿದರೆ ಮತ್ತೊಂದು ಬಾರಿ ಎಂಬುದಿರಲಿಲ್ಲ.

ಬಸವಣ್ಣನ ಗುಡಿಯ ಎದುರಿಗೇ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿಕೊಡುವ ಕೇಂದ್ರ. ಅದನ್ನು ನಡೆಸುವ ತರುಣ ಹೇಮಂತ ಆಕೆಯ ಅಂಕಪಟ್ಟಿ ನೋಡಿ ಹುಬ್ಬೇರಿಸಿದ. ಒಂದೊಂದಾಗಿ ಎಲ್ಲವನ್ನೂ ತುಂಬಿದ. ಕಡೆಗೆ ಕೈ ನಿಲ್ಲಿಸಿದ.

"ಎಲ್ಲಾ ಆತ್ರಿ ವೈನಿ. ಇನ್ನ ಒಂದ ಉಳದೈತಿ. ಸೈಕಲ್ ಹೊಡಿಯಾಕ ಬರತೈತಿ ಅಂತ ಒತ್ತಬೇಕು."

"ನನಗ ಬರಂಗಿಲ್ಲಲ್ಲೋ."

"ಬರತೈತಿ ಅಂತ ಒತ್ತಿಬಿಡ್ತೀನಿ. ಧಾರವಾಡದಿಂದ ಯಾರರೆ ಬಂದು ನಿಮ್ಮನ್ನ ಸೈಕಲ್ ಮ್ಯಾಲ ಕುಂಡ್ರಿಸಿ ನೋಡ್ತಾರೇನ್ರಿ? ಎಲ್ಲಾರೂ ಒತ್ತತಾರ."

"ಎಲ್ಲಾರೂ ಒತ್ತಲಿ. ಮುಂಜಾನೆ ಲಿಂಗಾ ಹಿಡದ ಕೈ ಇದು. ಸುಳ್ಳ ಒತ್ತಸಬ್ಯಾಡ."

"ನಿಮ್ಮ ಕೈ ಯಾಕ್ರಿ, ಒತ್ತಾಂವ ನಾ ಅದೀನಲ್ಲ!"

"ನೀ ಒತ್ತಿದ್ರೂ ಹೆಸರ ನಂದ ಐತಿ."

ಹೇಮಂತ ನಕ್ಕುಬಿಟ್ಟ. "ಹಂಗಾರ ಹೋಗಿ ಕಲತ ಬರ್ರಿ. ಕಡೀ ದಿನದ ತನಕಾ ಹಿಂಗ ತುಂಬಿ ಇಟ್ಟಿರ್ತೀನಿ. ಅದು ದಾಟಿದ್ರ ನನ್ನ ಕೈಯಾಗ ಏನೂ ಇಲ್ಲ ನೋಡ್ರಿ, ಆಮ್ಯಾಲ ನನ್ನ ಬೈಬ್ಯಾಡ್ರಿ."

ಕೊನೆಯ ದಿನ ಶಿವರಾತ್ರಿ ಕಳೆದ ಮುಂದಿನ ವಾರಕ್ಕೆ ಬೀಳುತ್ತಿತ್ತು. ಹೇಮಂತ ಬರತೈತಿ ಎಂದದ್ದಕ್ಕೆ ಬರಹದ ಮಾತು ಬಲ್ಲೆ; ನಮ್ಮ ಭಾಷೆಯಲ್ಲಿ ಈ ಒಂದೇ ಕ್ರಿಯಾಪದ ಅರಿವನ್ನೂ ಸಾಮರ್ಥ್ಯವನ್ನೂ ಜೊತೆಯಾಗಿ ಹೊತ್ತಿದೆ. ಅರಿತೂ ಮಾಡಲಾರದವನು ಆ ಮಾತನ್ನು ಆಡುವಂತಿಲ್ಲ. ಹಿರಿಯರು ಈ ಪದವನ್ನು ಎಷ್ಟು ಎಚ್ಚರದಿಂದ ಬಳಸಿದರೆಂಬುದನ್ನು ಗ್ರಂಥಗಳಲ್ಲಿ ಕಾಣುತ್ತೇವೆ. ಮಹಾನಂದಾ ಗ್ರಂಥಗಳನ್ನು ನೋಡಿದವಳಲ್ಲ. ಆ ಎಚ್ಚರ ಆಕೆಗೆ ನಿತ್ಯದ ಪೂಜೆಯಿಂದಲೇ ಬಂದಿತ್ತು.

ಮನೆಯ ಹಿತ್ತಲಲ್ಲಿ ಒಂದು ಸೈಕಲ್ಲಿತ್ತು. ರೋಹಿಣಿ ಎಂಟನೆಯ ಇಯತ್ತೆಯಲ್ಲಿದ್ದಾಗ ಸರಕಾರ ಕೊಟ್ಟದ್ದು. ಮಗಳು ಅದನ್ನು ತುಳಿದು ಶಾಲೆ ಮುಗಿಸಿದಳು. ತಾಯಿ ಅದನ್ನು ಒರೆಸಿದ್ದುಂಟೇ ಹೊರತು ಏರಿದ್ದಿಲ್ಲ. ಈಗ ಅದರ ಮೇಲೆ ಗೌರಕ್ಕನ ಕೌದಿ ಒಣಗುತ್ತಿತ್ತು. ಸೊಸೆ ಕೌದಿ ತೆಗೆದು ಸೈಕಲ್ಲನ್ನು ಹೊರಗೆಳೆದಾಗ ಗೌರಕ್ಕ ಪಡಸಾಲೆಯಿಂದಲೇ ಆರಂಭಿಸಿದಳು:

"ನೋಡ್ರವ್ವಾ ನೋಡ್ರಿ! ಮನಿಗಿ ಅಳಿಯಾ ಬರೂ ವ್ಯಾಳ್ಯಾದಾಗ ಅತ್ತಿ ಸೈಕಲ್ ಕಲಿತಾಳಂತ! ಬೀಗರು ಬಂದ್ರ ಡಬಲ್ ಸೀಟ್ ಕುಂಡ್ರಿಸಿಕೊಂಡ ಬರ್ತೀಯೇನು?"

"ನಿಮ್ಮನ್ನೂ ಕುಂಡ್ರಿಸಿಕೊಂತೀನಿ ಅತ್ತಿ, ಸುಮ್ಮನಿರ್ರಿ" ಎಂದು ಮಹಾನಂದಾ ಸೈಕಲ್ಲನ್ನು ದಾವೂದಸಾಬನ ಅಂಗಡಿಗೆ ನೂಕಿಕೊಂಡು ನಡೆದಳು.

ಒಂದು ಕಾಲದಲ್ಲಿ ತಾಸಿನ ಬಾಡಿಗೆಗೆ ಸೈಕಲ್ಲು ಕೊಡುತ್ತಿದ್ದ ದಾವೂದಸಾಬನ ಕೈಯಲ್ಲಿಯೇ ಊರಿನ ಅರ್ಧ ಗಂಡಸರು ಸೈಕಲ್ಲು ಕಲಿತದ್ದು. ಮೋಟಾರ್ ಸೈಕಲ್ಲುಗಳು ಬಂದ ಮೇಲೆ ಆ ಬಾಡಿಗೆ ನಿಂತಿತು. ಈಗ ಆತ ಔಷಧಿ ಹೊಡೆಯುವ ಪಂಪುಗಳ ದುರಸ್ತಿ ಮಾಡುತ್ತಾನೆ. ಮೊಣಕಾಲು ಹಿಡಿದುಕೊಂಡಿವೆ. ವಿಷಯ ಕೇಳಿ ಆತನ ಮುಖ ಅರಳಿತು. ಟೈರು, ಬ್ರೇಕು ಎಲ್ಲವನ್ನೂ ಹೊಸದರಂತೆ ಮಾಡಿಕೊಟ್ಟ.

"ಕಲಸೂದು ಕಲಸ್ತೀನಿ ತಂಗಿ. ಆದ್ರ ಹಿಂದ ಹಿಡಕೊಂಡು ಓಡಾಕ ಈ ಕಾಲ ಒಲ್ಲೆ ಅಂತಾವ. ಯಾರರೆ ಒಬ್ಬರು ಬೇಕು."

ಸೊಸೆಯ ಬೆನ್ನಿಗೇ ಬೈಯುತ್ತ ಬಂದಿದ್ದ ಗೌರಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಯಾರ್ಯಾರೋ ಯಾಕ? ನಾ ಹಿಡಿತೀನಿ. ಬಿದ್ರ ಬೈಯಾಕ ಬಾಜೂಕ ಇದ್ದಂಗೂ ಆತು."

ಊರ ಹೊರಗಿನ ಹೊಲದ ದಾರಿಯಲ್ಲಿ, ಎಳೆಬಿಸಿಲಿನಲ್ಲಿ, ಅಭ್ಯಾಸ ಮೊದಲಾಯಿತು. ಕರಿಮಣ್ಣು ಒಣಗಿ ಗಟ್ಟಿಯಾಗಿತ್ತು. ದಾರಿಯ ಕೊನೆಗೆ ಜೋಳದ ಕಣಿಕೆಯ ಬಣವೆ. ದಾವೂದಸಾಬ ಬೋರಲು ಹಾಕಿದ ಬುಟ್ಟಿಯ ಮೇಲೆ ಕುಳಿತ. ಏರುವ ಮೊದಲು ಮಹಾನಂದಾ ಅತ್ತೆಯ ಕಡೆ ತಿರುಗಿ, "ಅತ್ತಿ, ಕೈ ಬಿಡೂಮುಂದ ಬಿಟ್ಟೆ ಅಂತ ಹೇಳಿ ಬಿಡ್ರಿ" ಎಂದಳು.

ದಾವೂದಸಾಬ ನಕ್ಕ. "ಹೇಳಿ ಬಿಟ್ರ ಯಾರೂ ಕಲಿಯಂಗಿಲ್ಲವಾ. ಇಡೀ ಊರಿಗೆ ನಾ ಕದ್ದ ಬಿಟ್ಟ ಕಲಿಸೀನಿ. ಹಿಂದ ಹಿಡದಾರ ಅನ್ನೂ ಧೈರ್ಯದ ಮ್ಯಾಲನ ಎಲ್ಲಾರೂ ಹೋಗೂದು."

"ಹಿಡದಾರ ಅಂತ ಸುಳ್ಳ ನಂಬಿ ಹೋದ್ರ, ಆ ಹೊಡದದ್ದು ನಂದ ಹೆಂಗಾಗತೈತಿ ಕಾಕಾ?"

ಮುದುಕ ಅತ್ತೆಯ ಕಡೆ ತಿರುಗಿದ. "ಗೌರಕ್ಕಾರ, ಕೇಳಿದ್ರಿಲ್ಲ? ಹೇಳಿ ಬಿಡ್ರಿ."

ತೊಡಕು ಹುಟ್ಟಿದ್ದು ಇಲ್ಲಿಯೇ. ಗೌರಕ್ಕನಿಗೆ ಆ ಮಾತನ್ನು ಆಡಲಾಗಲಿಲ್ಲ. ಸೊಸೆ ಹದ ತಪ್ಪದೆ ತುಳಿಯುತ್ತಿದ್ದರೂ ಈಕೆ ಹಿಂದಿನ ಕ್ಯಾರಿಯರ್ ಹಿಡಿದು ಏದುಸಿರಿನಿಂದ ಓಡುತ್ತಲೇ ಇದ್ದಳು.

"ಬಿಡ್ರಿ ಅಕ್ಕಾರ, ಬಿಡ್ರಿ!" ಎಂದು ದಾವೂದಸಾಬ ಬುಟ್ಟಿಯ ಮೇಲಿಂದ ಕೂಗುತ್ತಿದ್ದ.

"ಬಿಡಂಗಿಲ್ಲೋ! ಬಿದ್ದು ಕೈ ಮುರಕೊಂಡ್ರ ನಾಳೆ ರೊಟ್ಟಿ ನೀ ಬಡಿತೀಯೇನು?"

ದಿನಗಳು ಹೀಗೆಯೇ ಕಳೆದವು. ಬಾಯಿಯಿಂದ ಬೈಗುಳ ಧಾರಾಳವಾಗಿ ಹರಿಯುತ್ತಿದ್ದ ಆ ಹಿರಿಯಳಿಗೆ ಎರಡಕ್ಷರದ ಒಂದು ಮಾತು ಗಂಟಲಿನಿಂದ ಮೇಲೇಳದಾಯಿತು. ಕಡೆಗೆ ಶಿವರಾತ್ರಿಯ ಮರುದಿನ ಓಡುವಾಗ ಆಕೆಯ ಚಪ್ಪಲಿಯ ಉಂಗುಟ ಹರಿಯಿತು, ಮುಗ್ಗರಿಸುತ್ತ, "ಯಪ್ಪಾ ಶಿವನ, ಬಿಟ್ಟೆ! ಬಿಟ್ಟೆನಬೇ!" ಎಂದು ಚೀರಿದಳು. ಮಹಾನಂದಾ ಕೇಳಿದಳು. ಹಿಂದೆ ಯಾರೂ ಇಲ್ಲವೆಂದು ತಿಳಿದೇ ತುಳಿದಳು. ಸೈಕಲ್ಲು ನೆಟ್ಟಗೆ, ಹಗುರವಾಗಿ, ಹೊಲದ ದಾರಿಯುದ್ದಕ್ಕೂ ಸಾಗಿ, ನೇರವಾಗಿ ಬಣವೆಯನ್ನು ಹೊಕ್ಕಿತು.

ಅಂದಿನಿಂದ ಪ್ರತಿಯೊಂದು ಸವಾರಿಯೂ ಬಣವೆಯಲ್ಲಿಯೇ ಮುಗಿಯತೊಡಗಿತು. ಏರಬಲ್ಲಳು, ತುಳಿಯಬಲ್ಲಳು, ತಿರುಗಿಸಬಲ್ಲಳು. ಇಳಿಯುವ ಗಳಿಗೆ ಬಂದರೆ ಕೈ ಕಟ್ಟಿಗೆಯಂತಾಗಿ ಬ್ರೇಕನ್ನೇ ಮರೆಯುತ್ತಿದ್ದಳು. ಕಣಿಕೆಯ ಒಣಗರಿಗಳನ್ನು ತಲೆಯಿಂದ ಕೊಡವಿಕೊಳ್ಳುತ್ತಿದ್ದ ಆಕೆಗೆ ದಾವೂದಸಾಬ ಹೇಳಿದ:

"ಹೊಡಿಯೂದು ಬಂತು ತಂಗಿ. ಅದು ಅರ್ಧಾ. ಮನಿಮನಿಗೆ ಕಾಗದಾ ಕೊಡಾಕ ಹೋಗಾಕಿ ಬಾಗಲದಾಗ ಇಳಿಲಿಲ್ಲಂದ್ರ ಕಾಗದಾ ಯಾರಿಗಿ ಕೊಡ್ತಿ, ಬಣವಿಗೇನು?"

ಕೊನೆಯ ದಿನ ಬಂದೇ ಬಂದಿತು. ಸಂಜೆಯ ಒಳಗೆ ಬರಬೇಕೆಂದು ಹೇಮಂತ ಹೇಳಿಕಳಿಸಿದ. ಸಂಗನಬಸವ ಗಿರಣಿ ನಿಲ್ಲಿಸಿ ಮನೆಗೆ ಬಂದ. ಗೌರಕ್ಕನೇ ಸೋತ ದನಿಯಲ್ಲಿ ಅಂದಳು: "ಮೈಯಾಗ ಕಸುವ ಇರೂಮಟಾ ಓಡೀನವಾ ನಾ. ಅರ್ಧಾ ಅಂತೂ ಬಂದೈತಲ್ಲ, ಒತ್ತಿಬಿಡ."

"ಅರ್ಧಾ ಬಂದ್ರ ಅರ್ಧಾ ಒತ್ತಾಕ ಬರತೈತೇನ್ರಿ ಅತ್ತಿ? ಇಲ್ಲಿಂದ ಸೈಕಲ್ ಮ್ಯಾಲನ ಹೋಗ್ತೀನಿ. ಕೇಂದ್ರದ ಬಾಗಲದಾಗ ನಾನಾಗಿ ಇಳದ್ರ ಒತ್ತತೀನಿ. ಇಲ್ಲಂದ್ರ ಹಂಗ ಮನಿಗಿ ಬರ್ತೀನಿ. ಶಿವಾ ಹೆಂಗ ಇಟ್ಟಾನೋ ಹಂಗ."

ಪೂಜೆಯ ಕೋಣೆಗೆ ಹೋಗಿ ಕೈಮುಗಿದು ಬಂದಳು. ಗೌರಕ್ಕ ಕ್ಯಾರಿಯರ್ ಹಿಡಿದಳು. ಓಣಿಯ ತಿರುವಿನಲ್ಲಿ, ಈ ಸಲ ಯಾರೂ ಹೇಳದೆಯೇ, "ಬಿಟ್ಟೆ" ಎಂದಳು.

ಗುಡಿಯ ಕಟ್ಟೆಯ ಮೇಲೆ ಜನ ತುಂಬಿದ್ದರು. ಅಲ್ಲಿಯವರೆಗೆ ಹೊಲದ ದಾರಿ ಮಾತ್ರ ಕಂಡಿದ್ದ ಆ ಸವಾರಿಯನ್ನು ಇಡೀ ಊರು ಈಗ ಕಂಡಿತು. ಕೊರಳಿನ ಲಿಂಗದ ಕರಡಿಗೆ ಎದೆಯ ಮೇಲೆ ತೂಗುತ್ತಿತ್ತು. ಕೇಂದ್ರದ ಬಾಗಿಲು ಬಂದಿತು. ಮಹಾನಂದಾಳ ಕೈ ಕಟ್ಟಿಗೆಯಾಯಿತು. ಬಾಗಿಲು ಹಿಂದೆ ಸರಿಯಿತು. ಇಲ್ಲಿ ಬಣವೆಯಿರಲಿಲ್ಲ. ಗತ್ಯಂತರವಿಲ್ಲದೆ ಬಸವಣ್ಣನ ಗುಡಿಯನ್ನು ಸುತ್ತಿಕೊಂಡು ಮತ್ತೆ ಬಂದಳು. ಹೇಮಂತ ಹೊರಗೆ ಬಂದು ನಿಂತಿದ್ದ. ಮತ್ತೆ ಬಾಗಿಲು ದಾಟಿತು. ಮತ್ತೆ ಗುಡಿಯ ಸುತ್ತು.

ಕಟ್ಟೆಯ ಮೇಲಿದ್ದ ಕುರಿಗಾರ ಭೀಮಶಿ ಕೂಗಿದ: "ಮಹಾನಂದಕ್ಕಾ, ಪ್ರದಕ್ಷಿಣಿ ಚಲೋ ನಡದೈತಿ! ಕಾಯಿ ಯಾವಾಗ ಒಡಿತೀರಿ?"

ಜನ ಗೊಳ್ಳೆಂದು ನಕ್ಕರು. ಮೊಣಕಾಲು ಹಿಡಿದುಕೊಂಡು ಬಂದಿದ್ದ ದಾವೂದಸಾಬನೂ ನಕ್ಕ. ಆ ಭಯದ ನಡುವೆಯೂ ಮಹಾನಂದಾಳಿಗೆ ನಗು ಉಕ್ಕಿತು. ನಗುತ್ತಲೇ ಬಿಗಿದ ತೋಳು ಸಡಿಲಾಯಿತು. ಸಡಿಲಾದ ಬೆರಳಿಗೆ ಬ್ರೇಕು ಸಿಕ್ಕಿತು. ಸೈಕಲ್ಲು ನಿಧಾನವಾಯಿತು, ತುಸು ವಾಲಿತು. ಒಂದು ಪಾದ ನೆಲಕ್ಕೆ ತಾಕಿತು, ಬಳಿಕ ಇನ್ನೊಂದು. ಕೇಂದ್ರದ ಬಾಗಿಲ ಎದುರಿಗೆ, ಯಾರ ಕೈಯೂ ಸೋಕದೆ, ಮಹಾನಂದಾ ನಿಂತಿದ್ದಳು.

"ಹಾಂ" ಎಂದ ದಾವೂದಸಾಬ. ಅಷ್ಟೇ ಅಂದ.

"ಒತ್ತಲ್ರಿ ವೈನಿ?" ಎಂದ ಹೇಮಂತ.

"ಸರಿ ಆ ಕಡೆ. ನಾನ ಒತ್ತತೀನಿ."

ಮೊದಲ ಆಯ್ಕೆಪಟ್ಟಿಯಲ್ಲಿ ಆಕೆಯ ಹೆಸರು ಬರಲಿಲ್ಲ. ಆದರೂ ಅಭ್ಯಾಸ ನಿಲ್ಲಿಸಲಿಲ್ಲ; ಇನ್ನೇಕೆ ಎಂದು ಕೇಳಿದವರಿಗೆ, "ಕಲತದ್ದು ಬರೇ ಕೆಲಸದ ಸಲುವಾಗಿ ಏನ್ರಿ?" ಎಂದು ನಕ್ಕು ಉತ್ತರಿಸಿದಳು. ಆಯ್ಕೆಯಾದವರು ಬೇರೆಡೆ ಸೇರಿದ್ದರಿಂದ ಎರಡನೆಯ ಪಟ್ಟಿ ಹೊರಟಿತು. ಯರಗುಪ್ಪಿಯ ಎದುರಿಗೆ ಮಹಾನಂದಾಳ ಹೆಸರಿತ್ತು. ಧಾರವಾಡದಲ್ಲಿ ಕಾಗದಪತ್ರಗಳನ್ನು ಪರಿಶೀಲಿಸಿದವರು ಸೈಕಲ್ಲಿನ ವಿಚಾರವನ್ನೇ ಎತ್ತಲಿಲ್ಲ. "ಒಂದ ಸಲ ಕೇಳಬಾರದಾಗಿತ್ತೇನ್ರಿ!" ಎಂದು ಆಕೆ ಅದಕ್ಕಾಗಿ ಸ್ವಲ್ಪ ಕೊರಗಿದ್ದೂ ಉಂಟು.

ಪೇಢೆಯನ್ನು ಮೊದಲು ಬಸವಣ್ಣನಿಗೆ, ಅನಂತರ ದಾವೂದಸಾಬನಿಗೆ ಒಯ್ದು ಪಾದ ಮುಟ್ಟಿದಳು. "ಕಾಕಾ, ನಿಮ್ಮ ಋಣಾ ಹೆಂಗ ತೀರಸಲಿ?"

"ಋಣಾ ನಂದ ಐತಿ ತಂಗಿ. ಸೈಕಲ್ ಅಂಗಡಿ ಅಂತ ಬೋರ್ಡ್ ಐತಿ, ಸೈಕಲ್ ಇರಲಿಲ್ಲ. ಈಗ ದಿನಾ ಒಂದ ಬರತೈತಿ." ಮಳೆ ಹಿಡಿದಾಗ ಎರೆಯ ಮಣ್ಣು ಗಾಲಿಗೆ ಮೆತ್ತಿ ಸೈಕಲ್ಲು ನಿಲ್ಲದಂತೆ ಮಡ್‌ಗಾರ್ಡು ಕಳಚಿಕೊಟ್ಟವನೂ ಆತನೇ. ಸೀರೆಗೆ ಹಾರುವ ಕೆಸರನ್ನು ಆಕೆ ಸಂತೋಷದಿಂದಲೇ ತೊಳೆಯುತ್ತಾಳೆ.

ಈ ಬರಹಗಾರನ ಮನೆಗೂ ಆಕೆ ಬರುತ್ತಾಳೆ. ಕೆಳಗಿಳಿದು, ನಿಂತು, ಎರಡು ಕೈಯಿಂದ ಕಾಗದ ಕೊಡುತ್ತಾಳೆ. ತೆಗೆದುಕೊಂಡ ಮೇಲೆ ನಮ್ಮ ಕೈ ತಾನಾಗಿಯೇ ಮುಗಿಯುತ್ತದೆ.

ಬೆಳಗಿನ ಪೂಜೆ ಮುಗಿಸಿ, ಟಪಾಲು ಚೀಲ ಹೆಗಲಿಗೇರಿಸಿ ಮಹಾನಂದಾ ಹೊರಡುವಾಗ ಗೌರಕ್ಕ ಇಂದಿಗೂ ಹೊಸ್ತಿಲು ದಾಟಿ ಬರುತ್ತಾಳೆ. "ಬಿಸಲಾಗ ಭಾಳ ತಿರಗಬ್ಯಾಡ, ಮುಖಾ ನೋಡು, ಬುತ್ತಿ ಮರತೀಯೇನ" ಎಂದು ಬೈಯುತ್ತ ಕ್ಯಾರಿಯರ್ ಹಿಡಿದು ಓಣಿಯ ತಿರುವಿನವರೆಗೆ ನಡೆಯುತ್ತಾಳೆ. ಹಿಡಿಯುವ ಅಗತ್ಯ ಈಗಿಲ್ಲವೆಂದು ಇಬ್ಬರೂ ಬಲ್ಲರು. ಆದರೂ ಸೊಸೆ ಆ ತಿರುವಿನವರೆಗೆ ಮೆಲ್ಲಗೆ ತುಳಿಯುತ್ತಾಳೆ, ಆ ಮಾತು ಕಿವಿಗೆ ಬೀಳುವವರೆಗೆ ಕಾಯುತ್ತಾಳೆ.

"ಬಿಟ್ಟೆ" ಎನ್ನುತ್ತಾಳೆ ಗೌರಕ್ಕ.